ಪಟ್ಟಿಯಲ್ಲಿಲ್ಲದ ಹೊಸ್ತಿಲು

ಬಚ್ಚಲಿನ ಹೊಸ್ತಿಲು ನೆಲದಿಂದ ಆರು ಬೆರಳು ಎತ್ತರವಿತ್ತು. ಒಳಗಿನ ನೀರು ಕೋಣೆಗೆ ಹರಿಯದಿರಲೆಂದು ಮನೆ ಕಟ್ಟಿದವರು ಹಾಕಿದ್ದ ಸಿಮೆಂಟಿನ ದಿಂಡು. ನಡೆದಾಡುವವರಿಗೆ ಅದು ಅಲ್ಲಿದೆ ಎಂದೇ ಗೊತ್ತಾಗುವುದಿಲ್ಲ, ಪಾದ ತಾನಾಗಿ ಮೇಲೇಳುತ್ತದೆ. ಇಸ್ತ್ರಿ ಅಕ್ಕನಿಗೆ ಮಾತ್ರ ನಾಲ್ಕು ವರ್ಷದಿಂದ ಅದರ ಒಂದೊಂದು ಬೆರಳೂ ಗೊತ್ತಿತ್ತು.

ಅವಳ ಅತ್ತೆಗೆ ಎಡಭಾಗ ಪೂರ್ತಿ ಸ್ವಾಧೀನ ತಪ್ಪಿ ನಾಲ್ಕು ವರ್ಷ. ಎರಡು ವರ್ಷದ ಹಿಂದೆ ಚರ್ಚಿನವರು ಒಂದು ಗಾಲಿಕುರ್ಚಿ ಕೊಟ್ಟಿದ್ದರು. ಕುರ್ಚಿ ಮಂಚದಿಂದ ಬಚ್ಚಲಿನವರೆಗೆ ಚೆನ್ನಾಗಿಯೇ ಉರುಳುತ್ತಿತ್ತು, ಹೊಸ್ತಿಲಿಗೆ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಒಳಗೆ ಹೋಗಬೇಕಾದರೆ ಒಬ್ಬರು ಕಂಕುಳಿಗೆ ಕೈ ಕೊಟ್ಟು, ಇನ್ನೊಬ್ಬರು ಕಾಲು ಹಿಡಿದು ಎತ್ತಬೇಕು. ಆ ಇನ್ನೊಬ್ಬರು ಅಂದರೆ ನಾದಿನಿ. ಭಾನುವಾರ ಚರ್ಚು ಮುಗಿಸಿ ಬರುತ್ತಿದ್ದಳು, ಅಮ್ಮನ ಕಾಲು ಹಿಡಿಯುತ್ತಿದ್ದಳು, ಉಂಡು ಹೋಗುತ್ತಿದ್ದಳು. ವಾರಕ್ಕೊಂದು ಸ್ನಾನ. ಮಿಕ್ಕ ಆರು ದಿನ ಮಂಚದ ಮೇಲೇ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಹಾಗಾಗಿ ಕುರ್ಚಿ ವಾರವೆಲ್ಲ ಇಸ್ತ್ರಿಗೆ ಬಂದ ಬಟ್ಟೆಯ ಗಂಟುಗಳನ್ನು ಹೊತ್ತುಕೊಂಡು ಮೂಲೆಯಲ್ಲಿ ನಿಂತಿರುತ್ತಿತ್ತು.

ಸೊಂಟ ಹಿಡಿದುಕೊಂಡಿದೆ ಎಂದು ಹೋದಾಗ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, "ಇನ್ನು ಹೊರೆ ಎತ್ತಬೇಡಿ" ಅಂದರು.

"ಹೊರೆ ಯಾರು ಎತ್ತುತ್ತಾರೆ ಡಾಕ್ಟ್ರೇ, ನಾನು ಎತ್ತೋದು ನಮ್ಮತ್ತೇನ."

ಡಾಕ್ಟರು ನಕ್ಕರು. ಅವಳು ನಗದೇ ಇದ್ದದ್ದು ನೋಡಿ ಅವರೂ ನಗು ನಿಲ್ಲಿಸಿ, "ಹೀಗೇ ಇನ್ನೊಂದು ವರ್ಷ ಎತ್ತಿದ್ರೆ ಪಕ್ಕದಲ್ಲಿ ಇನ್ನೊಂದು ಮಂಚ ಹಾಕಬೇಕಾಗುತ್ತೆ, ನಿಮಗೆ" ಅಂದರು.

ಮನೆಗೆ ಬರುವ ದಾರಿಯಲ್ಲಿ ಅವಳು ಯೋಚಿಸಿದ್ದು ತನ್ನ ಮಂಚದ ಬಗ್ಗೆಯಲ್ಲ. ಆ ಎರಡನೆಯ ಮಂಚದ ಮೇಲೆ ಮಲಗಿದವಳನ್ನು ಯಾರು ಎತ್ತುತ್ತಾರೆ ಎಂದು. ಒಬ್ಬೊಬ್ಬರಾಗಿ ಎಲ್ಲರ ಮುಖ ತಂದುಕೊಂಡಳು. ಬೀದಿ ಮುಗಿಯಿತು, ಮುಖ ಸಿಗಲಿಲ್ಲ.

ಇಸ್ತ್ರಿ ಅಕ್ಕ ಎಂಬ ಹೆಸರು ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಮುಂದಿನ ಕೋಣೆಯ ಅರ್ಧಭಾಗ ಅವಳ ಮೇಜು. ಮೇಲೆ ಹಳೆಯ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ, ಬಲಗಡೆ ನೀರು ಚಿಮುಕಿಸುವ ಡಬ್ಬಿ. ಬೀದಿಯ ಮೂವತ್ತು ಮನೆಗಳ ಅಂಗಿಗಳು ಅವಳ ಕೈ ಕೆಳಗೆ ಹಾದುಹೋಗುತ್ತಿದ್ದವು. ಯಾರ ಹೊಟ್ಟೆ ಬೆಳೆಯಿತು, ಯಾರ ಗುಂಡಿ ಹೊಲಿಯುವವರು ತವರಿಗೆ ಹೋದರು, ಎಲ್ಲ ಅವಳಿಗೆ ಅವರವರ ಮನೆಯವರಿಗಿಂತ ಮೊದಲು ಗೊತ್ತಾಗುತ್ತಿತ್ತು. ದಿನಕ್ಕೆ ಏಳು ತಾಸು ನಿಂತೇ ಇರುವ ಕೆಲಸ. ಗೋದಾಮಿನ ಕಾವಲುಗಾರನಾದ ಗಂಡನಿಗೆ ಕುರ್ಚಿಯಲ್ಲಿ ಕೂತಿರುವ ಕೆಲಸ. ಸಂಜೆ ಇಬ್ಬರೂ ಒಟ್ಟಿಗೆ ಮನೆಯೊಳಗೆ ಇರುವಾಗ "ಅಬ್ಬಾ, ಸಾಕಾಯ್ತು" ಎಂದು ಕೂರುತ್ತಿದ್ದದ್ದು ಅವನು.

ಆ ವರ್ಷ ರಜೆಯಲ್ಲಿ ಬೇರೆ ಊರಿನ ಚರ್ಚಿನ ಯುವಕ ಯುವತಿಯರು ಬಂದು ಐದು ಮನೆಗಳನ್ನು ದುರಸ್ತಿ ಮಾಡಿಕೊಡುತ್ತಾರೆ ಎಂದು ಪಾಸ್ಟರ್ ಹೇಳಿದರು. ಐದು ಗುಂಪು, ಐದು ದಿನ. ಅರ್ಜಿಯ ಕಾಗದ ಮನೆಗೆ ಬಂತು. ಅದರ ಮೇಲೆ 'ಮನೆಯ ಯಜಮಾನರು' ಎಂದು ಒಂದು ಗೆರೆ, ಕೆಳಗೆ 'ದುರಸ್ತಿ ಆಗಬೇಕಾದದ್ದು' ಎಂದು ನಾಲ್ಕು ಗೆರೆ. ಗಂಡ ಇಸ್ತ್ರಿ ಮೇಜಿನ ಮೇಲೆ, ಮಡಿಸಿಟ್ಟ ಅಂಗಿಗಳ ಪಕ್ಕ ಮೊಣಕೈ ಊರಿ ಬರೆಯತೊಡಗಿದ.

"ಬಚ್ಚಲು ಅಂತಾನೂ ಬರೀರಿ" ಅಂದಳು.

"ಬಚ್ಚಲಿಗೇನಾಗಿದೆ? ನೀರು ಸರಿಯಾಗೇ ಹೋಗ್ತಿದೆ."

"ಹೊಸ್ತಿಲು."

"ಹೊಸ್ತಿಲು ಒಡೆದಿದೆಯಾ? ಇದು ರಿಪೇರಿ ಫಾರಂ ಕಣೇ. ಒಡೆದಿದ್ದನ್ನ ಬರೀಬೇಕು. ಗಟ್ಟಿಮುಟ್ಟಾಗಿರೋದನ್ನ ಬರೆದ್ರೆ ಓದಿದೋರು ನಗ್ತಾರೆ."

ಅವನು ಬರೆದದ್ದು: ಮುಂದಿನ ಗೋಡೆಯ ಬಿರುಕು. ಅದಕ್ಕೆ ಬಣ್ಣ. ಮೇಲಿನ ಶೀಟು. ನಾಲ್ಕನೆಯದು, ಮನೆಯ ಮುಂದೆ ಕೂರಲು ಒಂದು ಕಟ್ಟೆ.

"ಕಟ್ಟೆ ಒಡೆದಿದೆಯಾ?" ಅವಳು ಕೇಳಿದಳು.

"ಕಟ್ಟೆ ಎಲ್ಲಿದೆ ನಮ್ಮನೇಲಿ?"

"ಇಲ್ಲದ್ದು ಹೇಗೆ ಒಡೀತು ಮತ್ತೆ?"

"ನಿನ್ ಹತ್ರ ಬಾಯಿ ಕೊಡೋಕಾಗಲ್ಲ ಮಾರಾಯ್ತಿ" ಎಂದು ಸಹಿ ಹಾಕಿದ.

ಸೋಮವಾರ ಬೆಳಿಗ್ಗೆ ಹತ್ತು ಜನ ಬಂದಿಳಿದರು. ಎಂಟು ಹುಡುಗ ಹುಡುಗಿಯರು, ಒಬ್ಬ ಮುಖಂಡ, ಒಬ್ಬ ವಯಸ್ಸಾದ ಮೇಸ್ತ್ರಿ. ಮುಖಂಡ ಶಾಲೆಯಲ್ಲಿ ಗಣಿತ ಕಲಿಸುವವನು. ಗಂಡ ಬರೆದುಕೊಟ್ಟ ಪಟ್ಟಿಯ ಪ್ರತಿಯನ್ನು ಬಾಗಿಲ ಪಕ್ಕ ಅಂಟಿಸಿ, ಮುಗಿದ ಕೆಲಸಕ್ಕೆ ಗೀಟು ಎಳೆಯುತ್ತಿದ್ದ. ಹುಡುಗರು ಬೆನ್ನ ಹಿಂದೆ ಅವನನ್ನು ಪಟ್ಟಿ ಅಣ್ಣ ಎನ್ನುತ್ತಿದ್ದರು. ಮೊದಲು ಅವರು ಮಾಡಿದ ಕೆಲಸ ಮುಂದಿನ ಕೋಣೆ ಖಾಲಿ ಮಾಡಿದ್ದು. ಇಸ್ತ್ರಿ ಮೇಜು ಅಡುಗೆಮನೆಗೆ ಹೋಯಿತು, ಒಲೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಐದು ದಿನದ ಬಟ್ಟೆ ಅಲ್ಲೇ ಆಗಬೇಕು.

ಗುಂಪಿನ ಊಟ ಚರ್ಚಿನ ಹಾಲ್‌ನಿಂದ ಬರಬೇಕೆಂದು ಏರ್ಪಾಡಿತ್ತು. ಐದು ದಿನವೂ ರಜೆ ಹಾಕಿ ಮನೆಯಲ್ಲೇ ಇದ್ದ ಗಂಡ ಮುಖಂಡನ ಭುಜದ ಮೇಲೆ ಕೈಯಿಟ್ಟು, "ಛೇ ಛೇ, ನಮ್ಮನೆಗೆ ದುಡಿಯೋಕೆ ಬಂದೋರು ಬೇರೆ ಕಡೆ ಉಣ್ಣೋದಾ? ಊಟ ನಮ್ಮಲ್ಲೇ. ಏನೂ ಕಷ್ಟ ಇಲ್ಲ" ಅಂದ. ಅಡುಗೆಮನೆಯೊಳಗೆ ಆ ಇಲ್ಲದ ಕಷ್ಟ ತರಕಾರಿಯ ಚೀಲಕ್ಕೆ ಕೈ ಹಾಕಿತು.

ಹೀಗೆ ಅವಳ ದಿನ ನಡೆಯಿತು. ಬೆಳಿಗ್ಗೆ ಅತ್ತೆಯ ಮಲಮೂತ್ರದ ಪಾತ್ರೆ ಚೆಲ್ಲಿ ತೊಳೆದು, ಮೈ ಒರೆಸಿ, ಬಟ್ಟೆ ಬದಲಿಸಿ, ತಿನ್ನಿಸಿ ಮುಗಿಸುವಷ್ಟರಲ್ಲಿ ಗುಂಪು ಬರುತ್ತದೆ. ಹತ್ತು ಲೋಟ ಚಹಾ. ಚಹಾ ಮುಗಿದು ಲೋಟ ತೊಳೆಯುವಾಗ "ಆಂಟಿ, ಹಳೇ ಬಟ್ಟೆ ಇದೆಯಾ, ಬ್ರಷ್ ಒರೆಸೋಕೆ?" ಅದು ಕೊಟ್ಟು ಬರುವಾಗ "ಆಂಟಿ, ಒಂದು ಬಕೆಟ್ ನೀರು." ನಡುವೆ ನಾಲ್ಕು ಅಂಗಿ. ಹನ್ನೆರಡು ಜನಕ್ಕೆ ಹೆಚ್ಚುವುದು, ಬೇಯಿಸುವುದು, ಬಡಿಸುವುದು. ಅತ್ತೆಗೆ ಮೆತ್ತಗೆ ಹಿಸುಕಿ ಬೇರೆ. ಗಾರೆಯ ಕಾಲಿನ ಗುರುತು ಒರೆಸುವುದು. ಮತ್ತೆ ಚಹಾ.

ಹುಡುಗಿಯರು ಒಳ್ಳೆಯವರು. ಊಟವಾದ ಮೇಲೆ "ನೀವು ಕೂತ್ಕೊಳ್ಳಿ ಆಂಟಿ" ಎಂದು ಬಲವಂತವಾಗಿ ತಟ್ಟೆಗಳನ್ನು ತೊಳೆದರು. ಅವರು ಹೊರಗೆ ಹೋದ ಮೇಲೆ ಅವಳು ಸೋಪು ಅಂಟಿಕೊಂಡಿದ್ದ ತಟ್ಟೆಗಳನ್ನು ಸದ್ದಾಗದಂತೆ ಇನ್ನೊಮ್ಮೆ ತೊಳೆದಳು. ಸದ್ದಾಗದಂತೆ ತೊಳೆಯುವುದಕ್ಕೆ ಎರಡರಷ್ಟು ಹೊತ್ತು ಹಿಡಿಯುತ್ತದೆ.

ದಿನಾ ನಾಲ್ಕು ಗಂಟೆಗೆ ಅವರೆಲ್ಲ ಅಂಗಳದಲ್ಲಿ ದುಂಡಗೆ ಕೂತು ಹಾಡಿ, ಪ್ರಾರ್ಥಿಸಿ, ಆ ದಿನ ತಾವು ಕಲಿತದ್ದನ್ನು ಒಬ್ಬೊಬ್ಬರಾಗಿ ಹೇಳುವ ಪದ್ಧತಿ. ಎರಡನೆಯ ದಿನ ಕನ್ನಡಕದ ಹುಡುಗಿ, "ಸೇವೆ ಅಂದ್ರೇನು ಅಂತ ನಾನು ಈ ಮನೆಯ ಆಂಟಿಯಿಂದ ಕಲಿತೆ" ಅಂದಳು. ಆಂಟಿ ಆಗ ಒಳಗೆ ಪಾತ್ರೆಯ ತಳ ಹಿಡಿದದ್ದನ್ನು ಕೆರೆಯುತ್ತಿದ್ದಳು. ಕಿಟಕಿಯಿಂದ ಮಾತು ಕೇಳಿಸಿತು. ಪಾಠ ನಡೆಯುತ್ತಿದೆ ಎಂದು ತನಗೆ ಯಾರೂ ಹೇಳಿರಲಿಲ್ಲವಲ್ಲ ಅಂದುಕೊಂಡಳು. ಗೊತ್ತಿದ್ದರೆ ಅವರ ಕೈಗೇ ಸೌಟು ಕೊಟ್ಟು ಪರೀಕ್ಷೆ ಮಾಡಬಹುದಿತ್ತು.

"ಏನಂತೆ ಆ ಹುಡುಗಿ?" ಮಂಚದಿಂದ ಅತ್ತೆ ಕೇಳಿದಳು. ಪಾರ್ಶ್ವವಾಯು ಅವಳ ಮಾತನ್ನು ಸೊಟ್ಟ ಮಾಡಿತ್ತೇ ಹೊರತು ಕಡಿಮೆ ಮಾಡಿರಲಿಲ್ಲ.

"ನಾನು ಒಳ್ಳೆಯವಳಂತೆ."

"ಎರಡು ದಿನಕ್ಕೇ ಗೊತ್ತಾಯ್ತಾ? ನಂಗೆ ಇಪ್ಪತ್ತೆಂಟು ವರ್ಷದಿಂದ ಹುಡುಕಿದ್ರೂ ಸಿಕ್ಕಿಲ್ಲ."

"ನೀವು ಸರಿಯಾಗಿ ಹುಡುಕಿಲ್ಲ ಬಿಡಿ. ಬಾಯಿ ತೆಗೀರಿ, ಮಾತ್ರೆ."

ಮೂರನೆಯ ದಿನ ಗೋಡೆ, ಬಣ್ಣ, ಶೀಟು ಮೂರಕ್ಕೂ ಗೀಟು ಬಿತ್ತು. ಉಳಿದದ್ದು ಕಟ್ಟೆ. ಸಿಮೆಂಟಿನ ಒಂದು ಚೀಲ, ಮರಳಿನ ಒಂದು ಗುಡ್ಡೆ ಅಂಗಳದಲ್ಲಿತ್ತು. ಅವಳು ಕೈ ಒರೆಸಿಕೊಂಡು ಮುಖಂಡನ ಹತ್ತಿರ ಹೋದಳು. ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಕುರ್ಚಿಯ ಮೇಲಿನ ಗಂಟು ಕೆಳಗಿಟ್ಟು ತಳ್ಳಿ ತೋರಿಸಿದಳು. ಗಾಲಿ ದಿಂಡಿಗೆ ತಗುಲಿ ನಿಂತಿತು.

ಅವನು ಪಾಪ, ಗಮನವಿಟ್ಟೇ ನೋಡಿದ. "ನಿಜ ಅಕ್ಕ, ತೊಂದರೇನೇ. ಆದ್ರೆ ಪಟ್ಟಿಯಲ್ಲಿಲ್ಲ. ಐದು ಮನೆಗೂ ಅಳತೆ ಹಾಕಿ ಸಾಮಾನು ತಂದಿದ್ದೀವಿ. ನಿಮಗೊಂದು ಸೇರಿಸಿದ್ರೆ ನಾಳೆ ಇನ್ನೊಂದು ಮನೆಯವರೂ ಕೇಳ್ತಾರೆ."

"ಕಟ್ಟೆ ಬಿಟ್ಟು ಇದನ್ನ ಮಾಡಿ."

"ಸಹಿ ಹಾಕಿದೋರು ಅಂಕಲ್ ಅಲ್ವಾ? ಅವರು ಹೂಂ ಅಂದ್ರೆ..."

ಅಂಕಲ್ ಹೂಂ ಅನ್ನಲಿಲ್ಲ. ಅಂಗಳದಲ್ಲಿ ಕಟ್ಟೆಯ ಜಾಗಕ್ಕೆ ಹಗ್ಗ ಎಳೆದು ಅಳತೆ ನೋಡುತ್ತಿದ್ದ ಅವನು ತಲೆ ಎತ್ತದೆ, "ನಾಲ್ಕು ವರ್ಷ ಆಗಿಲ್ವಾ, ಈಗೇನು ಹೊಸದಾಗಿ?" ಅಂದ.

"ನೀವಾದ್ರೂ ಒಂದು ದಿನ ಎತ್ತಿ ನೋಡಿ."

"ನನ್ನ ಮಂಡಿ ಸ್ಥಿತಿ ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಹಗ್ಗ ಎಳೆಯುವುದಕ್ಕೆ ಮಂಡಿಯೂರಿ ಕೂತಿದ್ದ ಆ ಮಂಡಿಯನ್ನೇ ನೋಡಿ ಅವಳು ಒಳಗೆ ಹೋದಳು.

ಮುಖಂಡ ಹಿಂದೆಯೇ ಬಂದ. ಸಮಾಧಾನ ಮಾಡಲೆಂದು ಹೇಳಿದ ಮಾತು ಅದು. "ಬೇಜಾರು ಮಾಡ್ಕೋಬೇಡಿ ಅಕ್ಕ. ಒಡೆದಿದ್ದಾಗಿದ್ರೆ ಪಟ್ಟೀಲಿ ಇಲ್ದೆ ಇದ್ರೂ ಮಾಡ್ತಿದ್ವಿ. ಹೋದ ವರ್ಷ ನಮ್ಮ ಹುಡುಗರು ಒಂದು ಮನೆಯ ಕಿಟಕಿ ಒಡೆದು ಹಾಗೇ ಬಿಟ್ಟು ಬಂದು ದೊಡ್ಡ ಗಲಾಟೆ ಆಯ್ತು. ಅದಕ್ಕೇ ಈ ಸಲ ನಿಯಮ ಮಾಡಿದ್ದೀವಿ. ಮನೆಯಲ್ಲಿ ಏನೇ ಒಡೆದಿರಲಿ, ಸರಿ ಮಾಡದೆ ಹೊರಡೋ ಹಾಗಿಲ್ಲ."

ಅವಳು ಮೇಜಿಗೆ ಹೋದಳು. ಅಂಗಿಯೊಂದರ ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಎಷ್ಟು ಹೊತ್ತು ಇಟ್ಟಿದ್ದಳೆಂದರೆ ಸುಟ್ಟ ವಾಸನೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಅದು ಮೂರನೆಯ ಸಲ.

ಗುರುವಾರ ನಾಲ್ಕು ಗಂಟೆ. ಕಟ್ಟೆಗೆ ಪಾಯ ತೋಡಿಯಾಗಿತ್ತು, ಸಿಮೆಂಟು ಕಲಸುವುದು ಮರುದಿನಕ್ಕಿತ್ತು. ಅಂಗಳದಲ್ಲಿ ಎಲ್ಲರೂ ಕೂತು ಹಾಡು ಶುರು ಮಾಡಿದರು. ಗಂಡನೂ ಅವರ ನಡುವೆ ಕೂತಿದ್ದ. ಮೇಸ್ತ್ರಿಯ ಚೀಲ ಅಡುಗೆಮನೆಯ ಹಿಂಬಾಗಿಲ ಹತ್ತಿರವಿತ್ತು. ಅವಳು ಅದರಿಂದ ಉಳಿ, ಸುತ್ತಿಗೆ ತೆಗೆದುಕೊಂಡಳು. ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಳು. ಸೊಂಟ ಒಪ್ಪಲಿಲ್ಲ. ಕಾಲು ಚಾಚಿ ನೆಲಕ್ಕೇ ಕೂತಳು.

ಮೊದಲ ಏಟಿಗೆ ಏನೂ ಆಗಲಿಲ್ಲ. ಎರಡನೆಯ ಏಟು ಹೆಬ್ಬೆರಳಿಗೆ ಬಿತ್ತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಒಂದು ಕ್ಷಣ ಇದ್ದಳು. ಆಮೇಲೆ ದಿಂಡಿನ ತುದಿಯಲ್ಲಿ, ಗಾರೆ ಬಿಟ್ಟಿದ್ದ ಕಡೆ ಉಳಿಯಿಟ್ಟು ಹೊಡೆದಳು. ಒಂದು ಚೂರು ಎದ್ದಿತು. ಅದರ ಪಕ್ಕ ಇನ್ನೊಂದು. ಹೊರಗೆ ಹಾಡು ಎರಡನೆಯ ಚರಣಕ್ಕೆ ಹೋಗಿತ್ತು, ಚಪ್ಪಾಳೆಯೂ ಇತ್ತು. ಚಪ್ಪಾಳೆಯ ಜೊತೆ ಜೊತೆಗೇ ಅವಳು ಹೊಡೆದಳು.

"ಏನೇ ಅದು?" ಮಂಚದಿಂದ ಅತ್ತೆ.

"ಸುಮ್ನಿರಿ."

"ಮನೆ ಕೆಡವ್ತಿದ್ದೀಯಾ?"

"ಅರ್ಧ ಮಾತ್ರ."

ಹಾಡು ನಿಂತಿತು. ಅವಳ ಕೈ ನಿಲ್ಲಲಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದ ಹನ್ನೊಂದು ಜನಕ್ಕೆ ಸುತ್ತಿಗೆಯ ಸದ್ದು ಸ್ಪಷ್ಟವಾಗಿ ಕೇಳಿಸಿತು. ಓಡಿಬಂದರು. ದಿಂಡಿನ ಮುಕ್ಕಾಲು ಭಾಗ ಚೂರಾಗಿ ಬಿದ್ದಿತ್ತು. ಅವಳು ಧೂಳಿನಲ್ಲಿ, ಕಾಲು ಚಾಚಿ ಕೂತಿದ್ದಳು.

"ಏನಾಯ್ತಕ್ಕ?" ಮುಖಂಡ ಕೇಳಿದ.

"ಒಡೀತು."

"ಹೇಗೆ ಒಡೀತು?"

"ನಾನು ಒಡೆದೆ."

"ತಲೆಗಿಲೆ ಕೆಟ್ಟಿದೆಯೇನೇ ನಿಂಗೆ? ಎಲ್ಲರ ಮುಂದೆ!" ಗಂಡ ಕೂಗಿದ. ಅವನಿಗೆ ಒಡೆದದ್ದಕ್ಕಿಂತ ಎಲ್ಲರ ಮುಂದೆ ಎಂಬುದು ದೊಡ್ಡದಾಗಿತ್ತು.

ಅವಳು ಮುಖಂಡನನ್ನೇ ನೋಡಿ ಹೇಳಿದಳು. "ಏನೇ ಒಡೆದಿರಲಿ, ಸರಿ ಮಾಡದೆ ಹೊರಡೋ ಹಾಗಿಲ್ಲ ಅಂತ ನಿನ್ನೆ ಹೇಳಿದ್ರಿ. ಯಾರು ಒಡೆದಿದ್ದು ಅಂತ ನಿಯಮದಲ್ಲಿದೆಯಾ?"

ಎಷ್ಟೋ ಮಕ್ಕಳ ತಪ್ಪು ಲೆಕ್ಕ ತಿದ್ದಿದ ಮುಖಂಡನಿಗೆ ಇದರಲ್ಲಿ ತಪ್ಪು ಎಲ್ಲಿದೆ ಎಂದು ತಕ್ಷಣ ಸಿಗಲಿಲ್ಲ. ಹುಡುಗರಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಮೇಸ್ತ್ರಿ ಮುಂದೆ ಬಂದು, ಅವಳ ಕೈಯಿಂದ ತನ್ನ ಉಳಿ ತೆಗೆದುಕೊಂಡು ಅದರ ಮೊನೆ ನೋಡಿದ.

"ಉಳಿ ಮೊಂಡಾಯ್ತಲ್ಲಮ್ಮ. ಸರಿ, ಈಗ ಏನು, ಹೊಸ್ತಿಲು ಮತ್ತೆ ಕಟ್ಟಿಕೊಡಬೇಕಾ?"

"ಕಟ್ಟಿದ್ರೆ ನೀವು ಬಸ್ಸು ಹತ್ತೋದ್ರೊಳಗೆ ಇನ್ನೊಂದ್ಸಲ ಒಡೀತೀನಿ."

"ಹಾಗಾದ್ರೆ ನೆಲನ ಒಳಗಿನ ಮೋರಿ ಕಡೆಗೆ ಇಳಿಜಾರು ಮಾಡಿ, ಬಾಗಿಲಲ್ಲಿ ಸಣ್ಣ ಕಾಲುವೆ ಥರ ಒಂದು ತೆಳು ಗೀರು ಬಿಡಬೇಕು. ನೀರು ಈಚೆಗೆ ಬರಲ್ಲ, ಗಾಲಿನೂ ಹೋಗುತ್ತೆ. ಬಾಗಿಲ ರೆಕ್ಕೆ ತೆಗೆದ್ಬಿಟ್ರೆ ಕುರ್ಚಿ ಉಜ್ಜಲ್ಲ." ಮೇಸ್ತ್ರಿ ಅಂಗಳದ ಕಡೆ ತಿರುಗಿ ಸಿಮೆಂಟಿನ ಚೀಲವನ್ನು ಕಣ್ಣಳತೆ ಮಾಡಿದ. "ಆದ್ರೆ ಇರೋದು ಒಂದೇ ಚೀಲ. ಇಲ್ಲಾ ಇದು, ಇಲ್ಲಾ ಕಟ್ಟೆ."

ಎಲ್ಲರೂ ಗಂಡನ ಮುಖ ನೋಡಿದರು. ಅವನು ಮಂಚದ ಕಡೆ ಬೆನ್ನು ಹಾಕಿ ನಿಂತಿದ್ದ.

"ಕಟ್ಟೆ ಮೇಲೆ ಕೂತು ಏನು ನೋಡ್ತೀಯೋ ಮಗನೇ?" ಹಿಂದಿನಿಂದ ಅತ್ತೆಯ ಸೊಟ್ಟ ದನಿ ಬಂತು. "ಬೀದೀನಾ? ನಾನು ಈ ಸೂರು ನೋಡಿ ನೋಡಿ ನಾಲ್ಕು ವರ್ಷ. ಒಂದಿನ ಆದ್ರೂ ನನ್ನನ್ನ ನೋಡೋಕೆ ಬಂದು ಕೂತಿದ್ದೀಯಾ?"

ಅಪರಿಚಿತರ ಮುಂದೆ ತಾಯಿಯ ಮಾತಿಗೆ ಎದುರಾಡುವುದು ಹೇಗೆ? ಅವನು ಕೈಯನ್ನು ಗಾಳಿಯಲ್ಲಿ ಒಮ್ಮೆ ಬೀಸಿ, "ಮಾಡಿ ಮಾರಾಯ್ರೇ. ಅಮ್ಮನಿಗೋಸ್ಕರ ತಾನೇ" ಎಂದು ಹೊರಗೆ ಹೋದ.

ಶುಕ್ರವಾರ ಹುಡುಗರು ಬಚ್ಚಲಿನ ನೆಲ ಕಿತ್ತು, ಕಲಸಿ, ಹಾಕಿ, ನಯ ಮಾಡಿದರು. ಮುಖಂಡ ಪಟ್ಟಿಯ ಕೆಳಗೆ ಕೈಯಿಂದ ಒಂದು ಸಾಲು ಸೇರಿಸಿ, ಅದಕ್ಕೂ ಗೀಟು ಎಳೆದು ಸಮಾಧಾನಪಟ್ಟುಕೊಂಡ. ಹೊರಡುವ ಮುಂಚೆ ಕೊನೆಯ ಸಲ ದುಂಡಗೆ ಕೂತಾಗ ಗಂಡ ಎದ್ದು ನಿಂತು, ದೇವರು ತನಗೆ ಮಾಡಿದ್ದಕ್ಕೆ ಸಾಕ್ಷಿ ಹೇಳಿದ. ಮನೆಯ ಮುಂದೆ ಕಟ್ಟೆ ಬೇಕೆಂಬ ಆಸೆಯಿತ್ತೆಂದೂ, ಆದರೆ ಹಾಸಿಗೆ ಹಿಡಿದ ತಾಯಿಗಾಗಿ ಅದನ್ನು ಬಿಟ್ಟುಕೊಡುವ ಮನಸ್ಸನ್ನು ದೇವರು ತನಗೆ ಕೊಟ್ಟನೆಂದೂ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಸ್ತ್ರಿ ಅಕ್ಕ ಕಿಟಕಿಯ ಹಿಂದೆ ನಿಂತು, ಊದಿದ ಹೆಬ್ಬೆರಳನ್ನು ತಣ್ಣೀರಿನ ಲೋಟದಲ್ಲಿ ಅದ್ದಿಕೊಂಡು ಕೇಳಿದಳು. ದೇವರು ಸುತ್ತಿಗೆ ಯಾರ ಕೈಗೆ ಕೊಟ್ಟಿದ್ದ ಎಂಬ ಮಾತು ಸಾಕ್ಷಿಯಲ್ಲಿ ಬರಲಿಲ್ಲ. ಎದ್ದು ಹೋಗಿ ಹೇಳಬಹುದಿತ್ತು. ಅಷ್ಟು ಶಕ್ತಿ ಉಳಿದಿರಲಿಲ್ಲ. ಇದ್ದ ಶಕ್ತಿಗೆ ಹದಿನಾರು ಅಂಗಿ ಕಾದಿದ್ದವು.

ಎರಡು ದಿನ ನೀರು ತಾಗಿಸಬೇಡಿ ಎಂದಿದ್ದ ಮೇಸ್ತ್ರಿ. ಭಾನುವಾರ ಬಂತು. ನಾದಿನಿ ಬರುವ ಹೊತ್ತು ದಾಟಿತು. ಫೋನು ಮಾಡಿದರೆ, "ಅಯ್ಯೋ ಅತ್ತಿಗೆ, ಈಗ ಚಕ್ರ ಒಳಗೆ ಹೋಗುತ್ತಂತಲ್ಲ, ಅಣ್ಣ ಚರ್ಚಲ್ಲಿ ಹೇಳ್ದ. ಇನ್ನು ನಾನ್ಯಾಕೆ? ನಿಮಗೆ ಸುಲಭ ಆಯ್ತಲ್ಲ" ಅಂದಳು. ದನಿಯಲ್ಲಿ ನಿಜವಾದ ಸಂತೋಷವಿತ್ತು. ನಾಲ್ಕು ವರ್ಷದ ಭಾನುವಾರಗಳು ಅವಳಿಗೂ ವಾಪಸು ಸಿಕ್ಕಿದ್ದವು.

ಇಸ್ತ್ರಿ ಅಕ್ಕ ಫೋನಿಟ್ಟು ನೀರು ಕಾಯಿಸಿದಳು. ಕೆಳಗೆ ಹಾಸಿದ್ದ ದುಪ್ಪಟಿಯ ತುದಿ ಹಿಡಿದು ಅತ್ತೆಯನ್ನು ಮಂಚದ ಅಂಚಿಗೆ ಜಾರಿಸಿ, ಅಲ್ಲಿಂದ ಕುರ್ಚಿಗೆ ದಾಟಿಸಿದಳು. ಅದಿನ್ನೂ ಅವಳ ಸೊಂಟದ ಮೇಲೆಯೇ ಇತ್ತು. ಆದರೆ ಅಷ್ಟೇ. ಕುರ್ಚಿ ಉರುಳಿತು, ಬಾಗಿಲಿಗೆ ಬಂತು, ಕದದ ಬದಲು ಕಟ್ಟಿದ್ದ ಬಟ್ಟೆಯ ಪರದೆಯನ್ನು ಮುಟ್ಟಿತು, ನಿಲ್ಲದೆ ಒಳಗೆ ಹೋಯಿತು. ಗೀರಿನ ಮೇಲೆ ಗಾಲಿ ಒಂದು ಸಣ್ಣ ಕುಲುಕು ಹಾಕಿತು. ಒಳಗೆ ಹೋದಮೇಲೂ ಅವಳ ಕೈಗಳು ಎತ್ತುವುದಕ್ಕೆ ಸಿದ್ಧವಾಗಿ ಅತ್ತೆಯ ಕಂಕುಳ ಹತ್ತಿರ ಹೋಗಿದ್ದವು. ಅವುಗಳನ್ನು ವಾಪಸು ತೆಗೆದುಕೊಂಡಳು.

ಅವತ್ತು ಅವಸರವಿರಲಿಲ್ಲ, ಕಾಲು ಹಿಡಿದವರು ಸುಸ್ತಾಗುತ್ತಾರೆಂಬ ಭಯವಿರಲಿಲ್ಲ. ಬೆನ್ನು, ಕುತ್ತಿಗೆಯ ಮಡಿಕೆ, ಎಡಗೈಯ ಮುಚ್ಚಿಕೊಂಡ ಬೆರಳುಗಳ ಸಂದು, ಎಲ್ಲವನ್ನೂ ಉಜ್ಜಿದಳು. ತಲೆಗೆ ಎರಡು ಸಲ ಸೋಪು ಹಚ್ಚಿದಳು. ಅತ್ತೆ ಕಣ್ಣು ಮುಚ್ಚಿ, ಬಿಸಿನೀರಿಗೆ ಮುಖ ಒಡ್ಡಿ, ಎಂದೂ ಇಲ್ಲದಷ್ಟು ಹೊತ್ತು ಮಾತಿಲ್ಲದೆ ಕೂತಿದ್ದಳು. ಒಣ ಬಟ್ಟೆ ಸುತ್ತುವಾಗ ಕಣ್ಣು ಬಿಟ್ಟಳು.

"ನಾಳೇನೂ ಮಾಡಿಸ್ತೀಯಾ?"

ಇಸ್ತ್ರಿ ಅಕ್ಕನ ಕೈ ನಿಂತಿತು. ನಾಳೆ. ನಾಳಿದ್ದು. ಅತ್ತೆ ಕೇಳಿದ್ದು ತಪ್ಪೇನಲ್ಲ. ಹೊಸ್ತಿಲಿಲ್ಲದ ಮೇಲೆ ದಿನಾ ಸ್ನಾನ ಮಾಡುವುದಕ್ಕೆ ಅಡ್ಡಿ ಏನು? ಅವಳು ಒಡೆದು ತೆಗೆದದ್ದರ ಜೊತೆಗೆ, ಆಗುವುದಿಲ್ಲ ಎನ್ನಲು ಇದ್ದ ಒಂದೇ ಕಾರಣವೂ ಹೋಗಿತ್ತು. ಆ ಕಾರಣ ಅವಳಿಗೆ ಮಾತ್ರವಲ್ಲ, ಗಂಡನಿಗೂ ಇತ್ತು ಎಂಬುದೂ ಆಗಲೇ ಹೊಳೆಯಿತು.

ಪರದೆ ಸರಿಸಿ ಕರೆದಳು. "ರೀ, ಸ್ವಲ್ಪ ಬನ್ನಿ ಇಲ್ಲಿ."

"ಏನು? ಮಂಡಿ..." ಮುಂದಿನ ಕೋಣೆಯಿಂದ ದನಿ ಬಂತು.

"ಎತ್ತೋದೇನಿಲ್ಲ. ತಳ್ಳೋದು. ಹಿಡಿ ನಿಮ್ಮ ಸೊಂಟದ ಎತ್ತರಕ್ಕಿದೆ, ಮಂಡಿ ಬಗ್ಗಿಸೋ ಹಾಗೇ ಇಲ್ಲ."

ಆಮೇಲೆ ಅವನು ಬಂದ, ಬಾಗಿಲಲ್ಲಿ ನಿಂತ. ತಾಯಿಯ ಒದ್ದೆ ಕೂದಲನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಕುರ್ಚಿಯ ಹಿಡಿ ಹಿಡಿದು ತಳ್ಳಿದ. ಗಾಲಿ ಅಡ್ಡ ತಿರುಗಿ ಗೋಡೆಗೆ ಬಡಿಯಿತು.

"ಮೆಲ್ಲಗೋ, ಕುರಿ ತಳ್ತಿದ್ದೀಯಾ?" ಅತ್ತೆ ಬೈದಳು.

ಇಸ್ತ್ರಿ ಅಕ್ಕ ಸಹಾಯಕ್ಕೆ ಹೋಗಲಿಲ್ಲ. ಬಚ್ಚಲಿನ ಒದ್ದೆ ನೆಲದ ಮೇಲೆ, ಮಗುಚಿದ ಬಕೆಟಿನ ಮೇಲೆ ಕೂತಳು. ಹೊರಗೆ ತಾಯಿ ಮಗ ಗೋಡೆಯಿಂದ ಗೋಡೆಗೆ ಬಡಿದುಕೊಂಡು ಮಂಚದ ಕಡೆ ಹೋಗುತ್ತಿರುವುದು ಕೇಳಿಸುತ್ತಿತ್ತು. ಅವನು ಕೂಗಿದ.

"ಲೇ, ಮಂಚಕ್ಕೆ ಹಾಕೋದು ಹೇಗೆ?"

"ಸುತ್ತಿದ ಬಟ್ಟೆ ತುದಿ ಹಿಡೀರಿ, ಬರ್ತೀನಿ" ಅಂದಳು, ಆದರೆ ತಕ್ಷಣ ಏಳಲಿಲ್ಲ.